ಮುರಕಲ್ಲಿನ ಕೇಪಳ

ಬ್ರಹ್ಮಾವರದಿಂದ ಬಡಗಮುಖವಾಗಿ ಹೊರಟು, ಸಾಲಿಗ್ರಾಮ, ಕೋಟ, ಕುಂಭಾಸಿಗಳನ್ನು ಹಾದು, ಕುಂದಾಪುರದ ಹೊಳೆಗಳನ್ನು ದಾಟಿ, ಮರವಂತೆಯಲ್ಲಿ ಎಡಗಡೆಗೆ ಕಡಲನ್ನೂ ಬಲಗಡೆಗೆ ಸೌಪರ್ಣಿಕೆಯನ್ನೂ ಏಕಕಾಲದಲ್ಲಿ ಕಂಡು ಬೆರಗಾಗಿ, ಕೊನೆಗೆ ಬೈಂದೂರಿನಾಚೆಯ ಒತ್ತಿನೆಣೆಯ ಏರನ್ನು ಹತ್ತುವ ಪ್ರಯಾಣಿಕನು ಊರಿಗೆ ಮರಳಿದ ಬಳಿಕ ಬಣ್ಣಿಸುವುದು ಕಡಲನ್ನು, ತೆಂಗನ್ನು ಮತ್ತು ಗದ್ದೆಯ ಹಸುರನ್ನು. ಇವೆಲ್ಲಕ್ಕೂ ಮೇಲುಗಡೆ, ಗದ್ದೆಬಯಲು ಮುಗಿದು ನೆಲವು ಮೆಲ್ಲನೆ ಏರತೊಡಗುವಲ್ಲಿ, ಕಾಡೆಂದರೆ ಕಾಡಲ್ಲದ, ಬಯಲೆಂದರೆ ಬಯಲೂ ಅಲ್ಲದ, ಆಳೆತ್ತರದ ಪೊದೆಗಳಿಂದ ಕಿಕ್ಕಿರಿದ ಇನ್ನೊಂದು ಭೂಮಿಯುಂಟು. ಅದನ್ನು ನಾವು ಹಾಡಿಯೆನ್ನುತ್ತೇವೆ. ತಪ್ಪಿಸಿಕೊಂಡ ದನವನ್ನು ಅರಸುವವನೂ ಸೊಪ್ಪಿಗೆಂದು ಕತ್ತಿ ಹಿಡಿದು ಹೋದವಳೂ ಕುನ್ನೇರಳೆಯ ಹಣ್ಣಿಗಾಗಿ ಶಾಲೆಯ ಹಾದಿ ತಪ್ಪಿಸಿಕೊಂಡ ಮಕ್ಕಳೂ ಹೊರತಾಗಿ ಅದರೊಳಕ್ಕೆ ಕಾಲಿಟ್ಟವರು ಹಿಂದೆಯೂ ವಿರಳ. ಈಗಂತೂ ಕೇಳುವುದೇ ಬೇಡ. ಆ ಹಾಡಿಯ ಸಸ್ಯಸಮುದಾಯದಲ್ಲಿ ವರ್ಷದ ಹನ್ನೆರಡು ತಿಂಗಳೂ ಎಲೆಯನ್ನು ಪೂರ್ತಿ ಕಳಚದೆ, ಬಹುಪಾಲು ತಿಂಗಳು ಹೂವನ್ನೂ ಹೊತ್ತು ನಿಲ್ಲುವ ಕೇಪಳವೆಂಬ ಗಿಡದ ವಿಷಯದಲ್ಲಿ ನನಗಿರುವ ಪಕ್ಷಪಾತವನ್ನು ಮುಚ್ಚಿಡುವ ಇಚ್ಛೆ ನನಗಿಲ್ಲ.

ಕೇಪಳದ ಪೊದೆಗಳಿಂದ ಕೆಂಪಾದ ಗುಡ್ಡೆಯ ಮೈಯನ್ನು ನೋಡುವಾಗಲೆಲ್ಲ, ಪುಸ್ತಕಗಳ ಮುಖಾಂತರವೇ ನನಗೆ ಪರಿಚಿತವಾದ ಇನ್ನೊಂದು ಬಗೆಯ ನೆಲದ ನೆನಪಾಗುತ್ತದೆ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿಯೂ ಇಂಗ್ಲೆಂಡಿನ ತಗ್ಗಿನ ಬಂಜರುಗಳಲ್ಲಿಯೂ ಮರಕ್ಕೆ ಎಡೆಗೊಡದೆ ನೆಲವನ್ನು ತಾನೇ ಹೊದೆದುಕೊಂಡಿರುವ ಕುಳ್ಳು ಪೊದೆಗಳುಂಟು; ಅವುಗಳಿಗೂ ಅವು ಬೆಳೆಯುವ ನೆಲಕ್ಕೂ ಆ ದೇಶದವರು ‘ಹೀತ್’ ಎಂಬ ಒಂದೇ ಹೆಸರನ್ನು ಇಟ್ಟಿದ್ದಾರೆ. ಸೂಜಿಯಂಥ ಸಣ್ಣ ಎಲೆ, ನಿತ್ಯಹರಿತ ಸ್ವಭಾವ, ಬೇಸಿಗೆಯ ಕೊನೆಯಲ್ಲಿ ಮೈತುಂಬ ನಸುನೇರಳೆಯ ಹೂವು ಇವುಗಳ ಲಕ್ಷಣ. ಲಿನೇಯಸನು 1753ರಲ್ಲಿ ಇವನ್ನೆಲ್ಲ ಎರಿಕ ಎಂಬ ಒಂದೇ ಕುಲದಲ್ಲಿ ಸೇರಿಸಿದ್ದನು. 1802ರಲ್ಲಿ ಸಾಲಿಸ್‌ಬರಿ ಎಂಬ ಸಸ್ಯಜ್ಞನು ಅವುಗಳಲ್ಲೊಂದನ್ನು, ಅಂದರೆ ಜನರು ಹೆದರ್ ಎಂದು ಕರೆಯುವ ಗಿಡವನ್ನು, ಕಲೂನ ಎಂಬ ಬೇರೆಯ ಕುಲವೆಂದು ಎತ್ತಿಟ್ಟನು. ಆ ವಿಭಜನೆಗೆ ಆಧಾರವಾದದ್ದು ಗಿಡದ ಎತ್ತರವಲ್ಲ, ಹೂವಿನ ಬಣ್ಣವೂ ಅಲ್ಲ. ಒಂದರಲ್ಲಿ ಹೂವಿನ ಹೊರಗವಚವು ಒಳದಳಗಳನ್ನೂ ಮೀರಿ ಬಣ್ಣಗೊಂಡು ಬೆಳೆದಿದೆ, ಮತ್ತೊಂದರಲ್ಲಿ ಇಲ್ಲ ಎಂಬ, ಅಕ್ಕಿಕಾಳಿಗಿಂತ ಕಿರಿದಾದ ಹೂವಿನೊಳಗಣ ಒಂದು ಭೇದ. ಸಸ್ಯವನ್ನು ಗುರುತಿಸುವುದೆಂದರೆ ಬಹುಮಟ್ಟಿಗೆ ಇಂಥ ಕ್ಷುದ್ರವೆಂದು ತೋರುವ ಲಕ್ಷಣಗಳ ಮುಂದೆ ಮಂಡಿಯೂರುವುದೇ ಆಗಿದೆ.

ದಕ್ಷಿಣ ಆಫ್ರಿಕದ ಕೇಪ್ ಪ್ರಾಂತವೊಂದರಲ್ಲಿಯೇ ಆರುನೂರಕ್ಕೂ ಮಿಕ್ಕಿದ ಎರಿಕ ಜಾತಿಗಳಿವೆ. ಆ ಮನೆತನದ ನೆಂಟರು ನಮ್ಮ ಕಡೆ ನೀಲಗಿರಿಯ ಶೋಲೆಗಳಂಚಿನ ರಕ್ತವರ್ಣದ ರೊಡೊಡೆಂಡ್ರಾನಿನಂತೆ ಎತ್ತರದ ತಂಪನ್ನು ನಂಬಿದವರು. ಕುಂದಾಪುರದ ಸೆಕೆಗೆ ಇಳಿದು ಬರುವವರಲ್ಲ. ಕೇಪಳವಾದರೋ ಕಾಫಿಯ ಕುಟುಂಬಕ್ಕೆ ಸೇರಿದ್ದು. ಎರಿಕಕ್ಕೂ ಅದಕ್ಕೂ ರಕ್ತಸಂಬಂಧ ಅತಿ ದೂರದ್ದು. ಆದರೂ ಎರಡೂ ಬಾಳುವ ರೀತಿಯೊಂದೇ. ಎರಡಕ್ಕೂ ಹುಳಿಮಣ್ಣು ಬೇಕು, ಬಡನೆಲ ಬೇಕು, ಬಿಸಿಲು ಬೇಕು. ಅಷ್ಟೇ ಅಲ್ಲದೆ, ಆಗಾಗ್ಗೆ ಮೈಮೇಲೆ ಬೀಳುವ ಕತ್ತಿಯೂ ಬೇಕು. ಈ ಕಡೆಯ ಮಾತು ವಿಚಿತ್ರವೆನಿಸಿದವರು ಸ್ವಲ್ಪ ತಾಳಬೇಕು.

ಮೊದಲು ನೆಲದ ಸಂಗತಿ. ನಮ್ಮ ಗುಡ್ಡೆಗಳ ಒಡಲಾದ ಮುರಕಲ್ಲು, ಕೆಂಪುಕಲ್ಲೆಂದು ಮನೆ ಕಟ್ಟುವವರು ಕರೆಯುವ ಕಲ್ಲು, ಭೂಶಾಸ್ತ್ರದ ಪುಸ್ತಕಗಳಿಗೆ ಪ್ರವೇಶ ಪಡೆದದ್ದು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಮುಖಾಂತರ. ಟಿಪ್ಪುವಿನ ಪತನಾನಂತರ ಕಂಪೆನಿ ಸರಕಾರದ ಅಪ್ಪಣೆಯಂತೆ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಈತನು 1801ರ ಆರಂಭದಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಮಾರ್ಗವಾಗಿಯೇ ಉತ್ತರಕ್ಕೆ ಹೋದನು. ಅದಕ್ಕೆ ಮುಂಚೆ ಮಲಬಾರಿನ ಅಂಗಡಿಪುರದಲ್ಲಿ, ನೆಲದೊಳಗಿರುವಾಗ ಕತ್ತಿಯಿಂದ ಕೊಯ್ಯುವಷ್ಟು ಮೆದುವಾಗಿಯೂ ಗಾಳಿಗೆ ತೆರೆದ ಮೇಲೆ ಇಟ್ಟಿಗೆಯಷ್ಟು ಗಟ್ಟಿಯಾಗಿಯೂ ಇರುವ ಈ ಕಲ್ಲನ್ನು ಕಂಡಿದ್ದ ಅವನು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದನು. ಅವನು ನಮ್ಮ ಗುಡ್ಡೆಗಳ ಮೇಲೆ ಬೆಳೆಯುವುದನ್ನು ಬೇಸಾಯಗಾರನ ಕಣ್ಣಿನಿಂದ ಅಳೆದವನು; ಭತ್ತಕ್ಕೂ ತೆಂಗಿಗೂ ಒದಗದ ನೆಲವು ಅವನಂಥವರ ಲೆಕ್ಕದಲ್ಲಿ ಬರಿಯ ಬಂಜರು.

ಬಂಜರೆಂಬುದೂ ಒಂದರ್ಥದಲ್ಲಿ ನಿಜವೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆಯನ್ನು, ಅದರಲ್ಲಿಯೂ ಹೆಚ್ಚಿನ ಪಾಲನ್ನು ನಾಲ್ಕೇ ತಿಂಗಳಲ್ಲಿ, ಯುಗಯುಗಾಂತರಗಳಿಂದ ತಲೆಯ ಮೇಲೆ ಸುರಿಸಿಕೊಂಡ ಶಿಲೆಯಲ್ಲಿ ಕರಗುವಂಥದು ಏನುಳಿದೀತು? ಸುಣ್ಣದ ಅಂಶ, ಪೊಟ್ಯಾಷು, ಕಡೆಗೆ ಮರಳಿನ ಸಾರವಾದ ಸಿಲಿಕವೂ ತೊಳೆದುಹೋಗಿ, ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ತುಕ್ಕು ಮಾತ್ರ ಉಳಿದಿದೆ, ಅದೇ ಮುರಕಲ್ಲು. ಇಂಥ ನೆಲವು ಎಷ್ಟು ಬಡವೆಂಬುದನ್ನು ತಿಳಿಯಬೇಕಾದವರು ಶ್ರಾವಣಮಾಸದಲ್ಲಿ ಒತ್ತಿನೆಣೆಯಂಥ ಗುಡ್ಡೆಯ ನೆತ್ತಿಗೆ ಹೋಗಬೇಕು. ಬಂಡೆಯ ಮೇಲೆ ಬೆರಳುದ್ದ ನಿಂತ ನೀರಿನಲ್ಲಿ ನೀಲಿ ಹೂವಿನ ಯುಟ್ರಿಕ್ಯುಲೇರಿಯವೂ, ಅದರ ಮಗ್ಗುಲಲ್ಲಿ ಎಲೆಯ ತುಂಬ ಅಂಟಿನ ಹನಿಗಳನ್ನು ಹೊತ್ತ ಡ್ರಾಸೆರವೂ ಹುಳುಗಳನ್ನು ಹಿಡಿದು ಜೀರ್ಣಿಸಿಕೊಳ್ಳುತ್ತಿರುವುದು ಕಾಣುತ್ತದೆ. ಮಣ್ಣಿನಲ್ಲಿ ಸಾರಜನಕ ಸಿಕ್ಕುವಲ್ಲಿ ಸಸ್ಯವೊಂದು ಮಾಂಸಾಹಾರಕ್ಕೆ ಇಳಿಯುವುದಿಲ್ಲ.

ಆ ಬಂಡೆಯ ಬಿರುಕಿನಲ್ಲಿಯೇ ಕೇಪಳವು ಬೇರಿಳಿಸಿ ನಿಲ್ಲುತ್ತದೆ. ನಿಂತು, ಮಳೆ ಹಿಂದೆಗೆದ ಮೇಲೆ ಕಾರ್ತಿಕದಿಂದ ತೊಡಗಿ ಬೇಸಿಗೆಯ ತನಕ, ಕಲ್ಲು ಕಾಯ್ದು ಬರಿಗಾಲಿಡಲು ಬಾರದಿರುವ ಕಾಲದಲ್ಲಿಯೂ, ಗೆಲ್ಲಿನ ತುದಿತುದಿಗೆ ಕೆಂಪು ಗೊಂಚಲುಗಳನ್ನು ಎತ್ತಿ ಹಿಡಿಯುತ್ತದೆ. ಗುಡ್ಡೆದಾಸಾಳವೆಂದು ಇದನ್ನು ಕೆಲವರು ಕರೆಯುವರಾದರೂ ದಾಸವಾಳಕ್ಕೂ ಇದಕ್ಕೂ ಕೆಂಪೊಂದೇ ಸಾಮಾನ್ಯ. ಘಟ್ಟದ ಮೇಲೆ ಕಿಸ್ಕಾರ, ಕುಸುಮಾಲೆ ಎಂಬ ಹೆಸರುಗಳೂ ಉಂಟು. ಮಲೆಯಾಳದಲ್ಲಿ ಚೆತ್ತಿ. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬವನು ಇಟ್ಟಿ ಅಚ್ಯುತನ್ ಎಂಬ ವೈದ್ಯನ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ಬ್ರಾಹ್ಮಣರ ನೆರವಿನಿಂದ ಸಿದ್ಧಪಡಿಸಿ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚುಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಈ ಚೆತ್ತಿಯು ಡಚ್ಚರ ಕಾಗುಣಿತಕ್ಕೆ ಸಿಕ್ಕಿ ‘ಶೆಟ್ಟಿ’ ಎಂದು ಓದಿಕೊಳ್ಳುವಂತಾಗಿದೆ. ಕುಂದಾಪುರದಲ್ಲಿ ಕುಳಿತು ಆ ಪುಟವನ್ನು ತೆರೆದವನು ನಗದೆ ಮುಂದಕ್ಕೆ ಹೋಗಲಾರ. ಲಿನೇಯಸನು ಆ ಬಳಿಕ ಇದನ್ನು ಇಕ್ಸೋರ ಕಾಕ್ಸೀನಿಯ ಎಂದನು. ಪೋರ್ಚುಗೀಸರ ಬಾಯಲ್ಲಿ ತಿರುಚಿದ ಈಶ್ವರನ ಹೆಸರೇ ಆ ಇಕ್ಸೋರ.

ಇನ್ನು ಗುರುತಿಸುವ ಬಗೆ. ಹೂವಿದ್ದಾಗ ಕೇಪಳವನ್ನು ಗುರುತಿಸುವುದು ಪಾಂಡಿತ್ಯವಲ್ಲ. ಹೂವಿಲ್ಲದ ಆಷಾಢದಲ್ಲಿ, ಹಾಡಿಯ ಜಿಗ್ಗಿನ ನಡುವೆ, ಎಲೆಯನ್ನು ಮಾತ್ರ ನೋಡಿ ಇದು ಅದೇ ಎಂದವನನ್ನು ಬಲ್ಲವನೆನ್ನಬಹುದು. ಎಲೆಗಳು ಎದುರುಬದುರಾಗಿ ಜೋಡಿಜೋಡಿ, ತೊಗಲಿನಂತೆ ದಪ್ಪ, ಮೇಲ್ಮೈ ಗಾಢಹರಿತ. ಇಷ್ಟರಿಂದ ಏನೂ ನಿರ್ಧಾರವಾಗದು, ಏಕೆಂದರೆ ಅದೇ ಹಾಡಿಯ ಕುನ್ನೇರಳೆಗೂ ನೀಲಿ ಹೂ ಬಿಡುವ ಒಳ್ಳೆಕೊಡಿಗೂ ಎಲೆ ಎದುರುಬದುರೇ, ತೊಗಲಿನಂಥದೇ. ಆದುದರಿಂದ ಬೆರಳನ್ನು ಎಲೆಯ ಬುಡಕ್ಕೆ ಒಯ್ಯಬೇಕು. ಕೇಪಳದ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಕಿರಿದು. ಎಲೆಯ ಬುಡವು ದುಂಡಗೆ, ಒಮ್ಮೊಮ್ಮೆ ಹೃದಯಾಕಾರವಾಗಿ, ಗೆಲ್ಲನ್ನೇ ತಬ್ಬಿದಂತಿರುತ್ತದೆ. ಅಲ್ಲಿಯೇ, ಎರಡು ಎಲೆಗಳು ಕೂಡುವ ಗಿಣ್ಣಿನಲ್ಲಿ, ಎಲೆಯಿಲ್ಲದ ಎರಡು ಪಕ್ಕಗಳಲ್ಲಿ, ಒಂದೊಂದು ಚಿಕ್ಕ ತ್ರಿಕೋನದ ಹೊಪ್ಪಳೆಯಿದ್ದು ಅದರ ತುದಿಯು ಮುಳ್ಳಿನಂತೆ ಮೊನಚಾಗಿರುತ್ತದೆ. ಇದು ಕಾಫಿಯ ಕುಟುಂಬದ ಮುದ್ರೆ. ಕಾಫಿಗಿಡದಲ್ಲಿಯೂ ಕಾರೆಮುಳ್ಳಿನಲ್ಲಿಯೂ ಇದೇ ಸ್ಥಾನದಲ್ಲಿ ಇಂಥದೇ ಹೊಪ್ಪಳೆಯನ್ನು ಕಾಣಬಹುದು. ಕುನ್ನೇರಳೆಗೂ ಒಳ್ಳೆಕೊಡಿಗೂ ಇದಿಲ್ಲ. ನೆಕ್ಕರಿಕೆಯ ಎಲೆಯನ್ನಂತೂ ಬುಡದಿಂದ ತುದಿಗೆ ಕಮಾನಾಗಿ ಸಾಗುವ ಮೂರೋ ಐದೋ ನರಗಳೇ ಕೂಗಿ ಹೇಳುತ್ತವೆ.

ಗೊಂದಲವಾಗುವುದು ಹೊರಗಿನವರೊಂದಿಗಲ್ಲ, ಸ್ವಂತ ಕುಟುಂಬದವರೊಂದಿಗೆ. ಬಿಳಿ ಕೇಪಳವೆಂದು ಅನೇಕರು ತೋರಿಸುವ ಗಿಡವು ನಿಜವಾಗಿ ಪಾವಟೆ. ನಾಲ್ಕು ದಳ, ಉದ್ದ ಕೊಳವೆ, ಗೊಂಚಲು ಎಲ್ಲವೂ ಸರಿಯೇ. ಆದರೆ ಪಾವಟೆಯ ಶಲಾಕೆಯು ಹೂವಿನ ಬಾಯಿಂದ ಬಹುದೂರ ಹೊರಕ್ಕೆ ಚಾಚಿ, ಇಡೀ ಗೊಂಚಲು ಸೂಜಿಗಳನ್ನು ಚುಚ್ಚಿಟ್ಟ ಹಾಗೆ ಕಾಣುತ್ತದೆ. ಕೇಪಳದಲ್ಲಿ ಅದು ದಳಗಳ ನಡುವಿನಿಂದ ಕೊಂಚವೇ ಇಣುಕುವುದು. ಹೂವಿಲ್ಲದಿದ್ದರೂ ಚಿಂತೆಯಿಲ್ಲ: ಪಾವಟೆಯ ಎಲೆಯೊಂದನ್ನು ಕಿತ್ತು ಬೆಳಕಿಗೆ ಹಿಡಿದರೆ ಅದರ ಮೈಯಲ್ಲಿ ಕರಿಯ ಚುಕ್ಕೆಗಳು ತೋರುತ್ತವೆ. ರೋಗವೆಂದು ಎಲೆಯನ್ನು ಎಸೆಯಬಾರದು. ಅವು ಬ್ಯಾಕ್ಟೀರಿಯಗಳು ವಾಸಿಸುವ ಗಂಟುಗಳು ಎಂಬುದನ್ನು ಜಾವಾ ದ್ವೀಪದಲ್ಲಿದ್ದ ಝಿಮ್ಮರ್‌ಮನ್ ಎಂಬ ವಿಜ್ಞಾನಿ 1902ರಷ್ಟು ಹಿಂದೆಯೇ ವಿವರಿಸಿದ್ದನು. ಘಟ್ಟದ ಬುಡದ ಕಾಡಿನ ಕಡೆಗೆ ಹೋದರೆ ಕೇಪಳದ ಕುಲದವೇ ಆದ ಇನ್ನೂ ಕೆಲವು ಸಿಕ್ಕುತ್ತವೆ. ಮರವಾಗಿ ಬೆಳೆದು ನವಿರಾದ ಬಿಳಿಹೂ ಬಿಡುವ ಗೊರವಿ ಒಂದು. ಒಣಗಿದಾಗ ಎಲೆಯೆಲ್ಲ ಕರ್ರಗಾಗುವ ಇಕ್ಸೋರ ನಿಗ್ರಿಕಾನ್ಸ್ ಮತ್ತೊಂದು. ಇವೆರಡಕ್ಕೂ ಎಲೆಗೆ ಸ್ಪಷ್ಟವಾದ ತೊಟ್ಟುಂಟು. ಇಷ್ಟನ್ನು ತಿಳಿದ ಮೇಲೂ ಸಂಶಯ ಉಳಿದವರು ಉಡುಪಿಯ ಪ್ರಾಧ್ಯಾಪಕ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಪ್ರಕಟಿಸಿದ ಉಡುಪಿ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಬಿಡಿಸಿ ನೋಡಬಹುದು. ಗಿಡವನ್ನು ಹಿಡಿದು ಹೋಗಿ ಹೆಸರನ್ನು ಹಿಡಿದು ಬರಲು ಅದಕ್ಕಿಂತ ನೇರವಾದ ದಾರಿ ನಮ್ಮ ಜಿಲ್ಲೆಗಿಲ್ಲ.

ಪೇಟೆಯ ನರ್ಸರಿಯವರು ಪ್ಲಾಸ್ಟಿಕ್ ತೊಟ್ಟೆಗಳಲ್ಲಿಟ್ಟು ಇಕ್ಸೋರವೆಂದು ಮಾರುವ ಗಿಡ್ಡ ಗಿಡಗಳ ವಿಷಯದಲ್ಲಿ ನಾನು ಹೆಚ್ಚೇನೂ ಹೇಳಲಾರೆ. ಅವು ಸಾಕಿದ ತಳಿಗಳು, ಹಲವು ಚೀನದ ಜಾತಿಯ ರಕ್ತವುಳ್ಳವು. ಅವುಗಳ ದಳದ ತುದಿ ಸಾಮಾನ್ಯವಾಗಿ ಮೊಂಡಾಗಿ ದುಂಡಗಿದ್ದರೆ ನಮ್ಮ ಗುಡ್ಡೆಯ ಕೇಪಳದ ದಳ ಈಟಿಯಂತೆ ಚೂಪು. ಹಳದಿ, ಗುಲಾಬಿ, ಕಿತ್ತಳೆ ಎಂದು ಬಣ್ಣಗಳು ಹಲವಿದ್ದರೂ, ಕತ್ತರಿಸಿ ಚೌಕ ಮಾಡಿದ ಬೇಲಿಗಳಲ್ಲಿ ಸಾಲಾಗಿ ನಿಂತಾಗ ಅವುಗಳ ಮುಖದಲ್ಲಿ ನನಗೆ ಒಂದು ಬಗೆಯ ಸರಕಾರಿ ಭಾವವು ತೋರುತ್ತದೆ. ಇದು ಅನ್ಯಾಯದ ಅಭಿಪ್ರಾಯವೆಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ; ಬದಲಾಯಿಸಿಕೊಳ್ಳುವುದೂ ಇಲ್ಲ.

ಹೂವನ್ನು ಹತ್ತಿರದಿಂದ ನೋಡುವ ಅಭ್ಯಾಸವು ನಮ್ಮಲ್ಲಿ ಮಕ್ಕಳಿಗೆ ಇದ್ದಷ್ಟು ದೊಡ್ಡವರಿಗಿಲ್ಲ. ಒಂದು ಹೂವನ್ನು ಬುಡದಿಂದ ಮೆಲ್ಲನೆ ಎಳೆದು ಕೊಳವೆಯ ತುದಿಯನ್ನು ತುಟಿಗಿಟ್ಟು ಹೀರಿದರೆ ನಾಲಗೆಗೆ ತಗಲಿತೋ ಇಲ್ಲವೋ ಎಂಬಷ್ಟು ಸಿಹಿ. ಆ ಹೂವಿನ ಕೊಳವೆಯನ್ನು ಇನ್ನೊಂದು ಹೂವಿನ ಬಾಯಲ್ಲಿ ತುರುಕಿ, ಅದನ್ನು ಮತ್ತೊಂದರಲ್ಲಿ ಸೇರಿಸುತ್ತ ಹೋದರೆ ದಾರವಿಲ್ಲದ ಬಳೆ. ಇದನ್ನು ಮಾಡದೆ ಬೆಳೆದ ಮಗು ನಮ್ಮ ಹಾಡಿಯ ಸೀಮೆಯಲ್ಲಿ ಇದ್ದಿರಲಾರದು. ಆದರೆ ಬೆಳಗ್ಗೆ ಹೊಸದಾಗಿ ಅರಳಿದ ಹೂವನ್ನೂ ನಿನ್ನೆಯದನ್ನೂ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು, ಕೈಮಸೂರವಿದ್ದರೆ ಅದರಿಂದ, ಇಲ್ಲದಿದ್ದರೆ ಬರಿಗಣ್ಣಿಂದಲೇ ನೋಡಿದವರಿಗೆ ಮತ್ತೊಂದು ಕೌತುಕ ಕಾದಿದೆ. ಹೊಸ ಹೂವಿನ ಶಲಾಕೆಯ ತುದಿಯ ಎರಡು ತುಟಿಗಳು ಬಿಗಿಯಾಗಿ ಮುಚ್ಚಿವೆ, ಅವುಗಳ ಹೊರಮೈಗೆ ಹಳದಿಯ ಪರಾಗ ಮೆತ್ತಿದೆ. ಮೊಗ್ಗಿನೊಳಗಿರುವಾಗಲೇ ಕೇಸರಗಳು ತಮ್ಮ ಪರಾಗವನ್ನು ಶಲಾಕೆಗೆ ಬಳಿದುಬಿಡುತ್ತವೆ. ಹೂವರಳಿದ ಮೇಲೆ ಅವುಗಳಿಗೆ ಕೆಲಸವಿಲ್ಲ, ದಳಗಳ ಸಂದಿಯಲ್ಲಿ ಬಾಡಿ ಉದುರುತ್ತವೆ. ಪರಾಗವೆಲ್ಲ ಬಂದುಹೋದವರ ಮೂತಿಗೆ ಹತ್ತಿ ಬರಿದಾದ ಬಳಿಕ ಹಳೆಯ ಹೂವಿನ ತುಟಿಗಳು ಬಿಚ್ಚಿ ಹಿಂದಕ್ಕೆ ಬಾಗಿ, ಪರರ ಪರಾಗವನ್ನು ಸ್ವೀಕರಿಸಲು ಅಣಿಯಾಗುತ್ತವೆ. ದಾನವು ಮುಗಿದ ಮೇಲೆಯೇ ಪ್ರತಿಗ್ರಹ. ಅಷ್ಟುದ್ದದ ಕೊಳವೆಯ ತಳವನ್ನು ಮುಟ್ಟಬಲ್ಲ ನಾಲಗೆ ಚಿಟ್ಟೆಗಳಿಗಲ್ಲದೆ ಇನ್ನಾರಿಗೂ ಸುಲಭವಲ್ಲದ್ದರಿಂದ, ಕರಿಮೈಯ ಕ್ರಿಮ್ಸನ್ ರೋಸ್ ಚಿಟ್ಟೆಯೂ, ಕರ್ನಾಟಕದ ರಾಜ್ಯಚಿಟ್ಟೆಯೆಂಬ ಗೌರವಕ್ಕೆ ಪಾತ್ರವಾದ ಅಂಗೈಯಗಲದ ಸದರ್ನ್ ಬರ್ಡ್‌ವಿಂಗ್ ಚಿಟ್ಟೆಯೂ ಕೇಪಳದ ಗೊಂಚಲಿನ ಮೇಲೆ ಕೂತೂ ಕೂರದಂತೆ ರೆಕ್ಕೆ ಬಡಿಯುತ್ತ ಗೊಂಚಲಿನಿಂದ ಗೊಂಚಲಿಗೆ ಹೋಗುವುದನ್ನು ನೋಡಬಹುದು. ಆಮೇಲಿನದು ಹಣ್ಣು: ಹಸುರಿನಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗುವ ಬಟಾಣಿಗಾತ್ರದ, ಬೀಜವೇ ಹೆಚ್ಚಾದ ಹಣ್ಣು. ಅದು ಮಕ್ಕಳ ಮತ್ತು ಪಿಕಳಾರ ಹಕ್ಕಿಗಳ ಸಮಾನ ಸ್ವತ್ತು.

ಹೀಗೆ ಬಂಡೆಯಲ್ಲಿ ನಿರಾಯಾಸವಾಗಿ ಬಾಳುವ ಗಿಡವನ್ನು ಅಂಗಳಕ್ಕೆ ತರಲು ಹೊರಟಾಗಲೇ ಅದರ ಸ್ವಭಾವ ಗೊತ್ತಾಗುವುದು. ಕುಂದಾಪುರದ ಪೇಟೆಯಲ್ಲಿ ಹೊಸಮನೆ ಕಟ್ಟಿಸಿದ ನನ್ನ ಅತ್ತೆಯು, ದೇವಿಯ ಪೂಜೆಗೆ ಕೆಂಪು ಹೂವು ಕೈಗೆಟುಕುವಂತಿರಲೆಂದು, ಹೆಬ್ಬಾಗಿಲ ಪಕ್ಕದಲ್ಲಿ ಸಿಮೆಂಟು ಮೆತ್ತಿದ ಗೋಡೆಗೆ ಒತ್ತಿದಂತೆ ಕೇಪಳವನ್ನು ನಡಿಸಿದಳು. ಗೊಬ್ಬರಕ್ಕೆ ಕೊರತೆಯಿರಲಿಲ್ಲ, ಒಲೆಯ ಬೂದಿಯನ್ನೂ, ತೆಂಗಿಗೆ ಒಳ್ಳೆಯದಾದದ್ದು ಇದಕ್ಕೂ ಒಳ್ಳೆಯದೇ ಎಂಬ ನಂಬಿಕೆಯಿಂದ, ಬುಡಕ್ಕೆ ಸುರಿಯುವುದು ನಡೆದಿತ್ತು. ಗಿಡವು ಸಾಯಲಿಲ್ಲ, ಆದರೆ ಬಿಟ್ಟ ಪ್ರತಿ ಹೊಸ ಎಲೆಯೂ ನರಗಳು ಮಾತ್ರ ಹಸುರಾಗಿ ಉಳಿದ ಪೇಲವ ಹಳದಿಯಾಗುತ್ತ ಬಂತು. ನೀರು ಸಾಲದೆಂದು ನೀರು, ಸಾರ ಸಾಲದೆಂದು ಇನ್ನಷ್ಟು ಬೂದಿ. ಮನೆಯೊಕ್ಕಲಿಗೆ ಬರಲಾಗದೆ ಆ ಬಳಿಕ ಒಮ್ಮೆ ಬಂದ ಅಮ್ಮಮ್ಮ ಜಗಲಿಯಲ್ಲಿ ಕೂತವರು ಅದನ್ನು ನೋಡಿ, “ಗ್ವಾಡಿ ಬುಡ್ದಗೆ ಎಂತಕೆ ನೆಟ್ಟದ್ದೇ? ಅದಕ್ ಸುಣ್ಣ ಆಪ್ದಿಲ್ಲ. ಗುಡ್ಡಿ ಮೇಲಿನ್ ಗಿಡು ಅದ್” ಎಂದರು. ಅತ್ತೆ ಒಪ್ಪಲಿಲ್ಲ. “ಸುಣ್ಣ ಯಾರ್ ಹಾಕಿರ್? ನಾನ್ ಹಾಕ್ಲಿಲ್ಲ ಅಮ್ಮ” ಎಂದಳು. ಅಮ್ಮಮ್ಮ ಗೋಡೆಯ ಕಡೆಗೂ ಬೂದಿಯ ಬುಟ್ಟಿಯ ಕಡೆಗೂ ಕೈತೋರಿಸಿ ಎಲೆಯಡಿಕೆಗೆ ಸುಣ್ಣ ಹಚ್ಚುವುದರಲ್ಲಿ ಮಗ್ನರಾದರು.

ರಸಾಯನಶಾಸ್ತ್ರವೂ ಅವರ ಪಕ್ಷದಲ್ಲಿದೆ. ಸಿಮೆಂಟಿನ ಗಾರೆಯಿಂದ ಮಳೆಗೆ ಇಳಿದು ಬರುವುದು ಸುಣ್ಣದ ನೀರು, ಬೂದಿಯೂ ಕ್ಷಾರ. ಹುಳಿಮಣ್ಣಿನ ಹುಳಿ ಅಳಿದು ಕ್ಷಾರವಾದರೆ ಅದರೊಳಗಿನ ಕಬ್ಬಿಣವು ಕರಗದ ರೂಪಕ್ಕೆ ತಿರುಗಿ ಬೇರಿಗೆ ಎಟುಕದಾಗುತ್ತದೆ, ಕಬ್ಬಿಣವಿಲ್ಲದೆ ಎಲೆಗೆ ಹಸುರು ಕಟ್ಟುವುದಿಲ್ಲ. ಕಬ್ಬಿಣದ ಕಲ್ಲಿನ ಮೇಲೆ ಹುಟ್ಟಿದ ಗಿಡವು, ಕಬ್ಬಿಣದ ಮಣ್ಣಿನಲ್ಲಿಯೇ ಬೇರೂರಿದ್ದು, ಕಬ್ಬಿಣದ ಬರದಿಂದ ಸೊರಗುವುದು! ಹೊಳೆಯ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ಗದ್ದೆಗೆ ಹಾಕಿ ಮಣ್ಣಿನ ಹುಳಿ ಮುರಿಯುವುದು ಭತ್ತಕ್ಕೆ ಉಪಕಾರವೇ. ಗದ್ದೆಯ ನ್ಯಾಯವು ಗುಡ್ಡೆಗೆ ಸಲ್ಲದು. ಬೆಂಗಳೂರಿಗೆ ಕೇಪಳವನ್ನು ಒಯ್ದು ಕೊಳವೆಬಾವಿಯ ಗಡಸುನೀರೆರೆದು ಸಾಕುವ ಊರವರು ಹೇಳಿಕೊಳ್ಳುವ ದುಃಖವೂ ಇದೇ.

ಹಾಗಾದರೆ ಬೆಳೆಸುವುದು ಹೇಗೆ? ಹಾಡಿಯಿಂದ ಗಿಡವನ್ನೇ ಕಿತ್ತು ತರುವ ಪ್ರಯತ್ನವು ಪ್ರಾಯಶಃ ವ್ಯರ್ಥ; ತಾಯಿಬೇರು ಕಲ್ಲಿನ ಬಿರುಕಿನಲ್ಲಿ ಎಷ್ಟು ಆಳಕ್ಕಿಳಿದಿರುತ್ತದೆಂದರೆ ಪಿಕ್ಕಾಸಿನವನು ಕಲ್ಲನ್ನು ಒಡೆದಾನೇ ಹೊರತು ಬೇರನ್ನು ಇಡಿಯಾಗಿ ಕೊಡಲಾರ. ಬೀಜ ಹಾಕುವವರಿಗೆ ಅಪಾರವಾದ ತಾಳ್ಮೆ ಬೇಕು. ಸುಲಭೋಪಾಯವೆಂದರೆ ಗೆಲ್ಲು. ಮಳೆ ಹಿಡಿದು, ಮೃಗಶಿರ ಕಳೆದು ಆರ್ದ್ರಾ ಬಂದಾಗ, ತೀರ ಎಳೆಯದೂ ಅಲ್ಲದೆ ಬಲಿತು ಕಟ್ಟಿಗೆಯೂ ಆಗದ, ಪೆನ್ಸಿಲಿನ ದಪ್ಪದ, ಮೂರುನಾಲ್ಕು ಗಿಣ್ಣುಗಳಿರುವ ಗೆಲ್ಲನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ತುದಿಯ ಒಂದು ಜೋಡಿ ಎಲೆಯನ್ನುಳಿದು ಮಿಕ್ಕವನ್ನು ತೆಗೆದು, ಮುರಕಲ್ಲಿನ ಪುಡಿಗೆ ಕೊಳೆತ ತರಗೆಲೆಯ ಮಣ್ಣನ್ನು ಬೆರೆಸಿದ ಕುಂಡದಲ್ಲಿ ಎರಡು ಗಿಣ್ಣು ಮುಚ್ಚುವಂತೆ ಊರಿ, ಮಾಡಿನ ನೀರು ನೇರವಾಗಿ ಬೀಳದ ನೆರಳಿನಲ್ಲಿಟ್ಟರೆ, ಒಂದೂವರೆ ಎರಡು ತಿಂಗಳಲ್ಲಿ ಬೇರು ಬಂದೀತು. ಬಂದಿತೋ ಎಂದು ಎತ್ತಿ ನೋಡುವ ಚಪಲಕ್ಕೆ ಎಷ್ಟು ಗೆಲ್ಲುಗಳು ಬಲಿಯಾಗಿವೆಯೋ! ಆಮೇಲೆ ಬಿಸಿಲಿರುವ ಕಡೆ, ಗೋಡೆಯಿಂದ ದೂರ, ನೀರು ನಿಲ್ಲದಲ್ಲಿ ನೆಟ್ಟು, ಬುಡಕ್ಕೆ ತರಗೆಲೆಯನ್ನು ಹೊದೆಸಿದರೆ ನಮ್ಮ ಕರ್ತವ್ಯ ಹೆಚ್ಚುಕಡಿಮೆ ತೀರಿತು. ಹಸಿ ಸೆಗಣಿ ಬೇಡ, ಬೂದಿ ಬೇಡ.

ಆದರೆ ಕತ್ತಿ ಬೇಕು. ಕೇಪಳವು ಹೂ ಬಿಡುವುದು ಗೆಲ್ಲಿನ ತುದಿಯಲ್ಲಿ. ತುದಿಯೊಂದನ್ನು ಕಡಿದರೆ ಎರಡು ತುದಿಗಳು ಹುಟ್ಟುತ್ತವೆ. ಕಡಿಯದೆ ಬಿಟ್ಟರೆ ಗಿಡವು ಬೆಳಕನ್ನರಸಿ ನೀಳವಾಗಿ, ನೆತ್ತಿಯಲ್ಲಿ ನಾಲ್ಕು ಹೂವನ್ನಿಟ್ಟುಕೊಂಡು ಕೆಳಗೆ ಬೋಳಾಗುತ್ತದೆ. ಇದನ್ನು ಅರಿತ ಮೇಲೆ ನಮ್ಮ ಹಾಡಿಯ ಚರಿತ್ರೆಯು ನನಗೆ ಬೇರೆಯಾಗಿಯೇ ಕಾಣತೊಡಗಿತು. ವರ್ಗದ, ಅಂದರೆ ಹಿಡುವಳಿಯ, ಗದ್ದೆಗಳಿಗೆ ಹೊಂದಿದ ಕುಮ್ಕಿಯೆಂಬ ಹಾಡಿಯಿಂದ ಸೊಪ್ಪು ಕಡಿದು ಹಟ್ಟಿಗೆ ಹಾಸಿ, ಹಟ್ಟಿಯ ಗೊಬ್ಬರವನ್ನು ಗದ್ದೆಗೆ ಹೊತ್ತುಹಾಕುವುದು ನಮ್ಮವರ ಬೇಸಾಯದ ಬೆನ್ನೆಲುಬಾಗಿತ್ತು. ವರ್ಷವರ್ಷವೂ ಗುಡ್ಡೆಯ ಸಾರವು ತಲೆಹೊರೆಯಾಗಿ ಗದ್ದೆಗಿಳಿಯುತ್ತಿತ್ತು, ಗುಡ್ಡೆ ಬಡವಾಗುತ್ತಿತ್ತು. ಮರಗಳು ಮೇಲೇಳದೆ ಪೊದೆಯ ಮಟ್ಟದಲ್ಲಿಯೇ ನಿಲ್ಲುತ್ತಿದ್ದವು. ದನಗಳು ಮಿಕ್ಕುದನ್ನು ಮೇಯುತ್ತಿದ್ದವು. ಈ ಬಡತನದಲ್ಲಿಯೂ ಈ ಬಿಸಿಲಿನಲ್ಲಿಯೂ ಕೇಪಳವು ಅರಸಾಳಿತು. ಯುರೋಪಿನ ಹೀತ್ ನೆಲಗಳ ಕಥೆಯೂ ಅಕ್ಷರಶಃ ಇದೇ ಆಗಿದೆ. ಕುರಿ ಮೇಯಿಸಿ, ಪೊದೆ ಕೊಯ್ದು, ಕಾಲಕಾಲಕ್ಕೆ ಬೆಂಕಿಯಿಟ್ಟು ಜನರು ಬಳಸುತ್ತಿದ್ದಷ್ಟು ಕಾಲ ಆ ನೆಲಗಳು ನೇರಳೆಯಾಗಿ ಹೂ ಬಿಟ್ಟವು. ಬಳಕೆ ನಿಂತಲ್ಲಿ ಬರ್ಚ್ ಮತ್ತು ಪೈನ್ ಮರಗಳು ಮೇಲೆದ್ದು ಎರಿಕವನ್ನು ನುಂಗಿದವು. ಈಗ ಅಲ್ಲಿಯವರು ಹೀತನ್ನು ಉಳಿಸುವ ಸಲುವಾಗಿಯೇ ಮರ ಕಡಿಯುತ್ತಾರೆ, ಹಳೆಯ ತಳಿಯ ದನಗಳನ್ನು ತಂದು ಮೇಯಿಸುತ್ತಾರೆ. ಅದನ್ನು ಕಾಡೆಂದು ಪೂಜಿಸಿದ್ದರೆ ಎಂದೋ ಇಲ್ಲವಾಗುತ್ತಿತ್ತು.

ಇದಕ್ಕೆ ನಮ್ಮಲ್ಲಿಯೂ ಸಾಕ್ಷಿ ಬೇಕಾದರೆ ಯಾವುದಾದರೊಂದು ನಾಗಬನದ ಬಳಿ ನಿಂತು ನೋಡಬಹುದು. ಭಯಭಕ್ತಿಗಳಿಂದ ಯಾರೂ ಕತ್ತಿಯಿಕ್ಕದ ಆ ಬನದ ನಡುವೆ, ದೊಡ್ಡ ಮರಗಳ ಕತ್ತಲಿನಲ್ಲಿ, ಕೇಪಳವು ಸೊರಗಿದ ಕೋಲಾಗಿ ಎರಡಾಳೆತ್ತರ ಏರಿ ಹೂವನ್ನು ಮರೆತಿರುತ್ತದೆ. ಬನದ ಹೊರ ಅಂಚಿನಲ್ಲಿ, ದನದ ಬಾಯಿಗೂ ಕತ್ತಿಗೂ ಸಿಕ್ಕುವಲ್ಲಿ, ಅದೇ ಕೇಪಳ ಸೊಂಟದೆತ್ತರದಲ್ಲಿ ಕೆಂಪಾಗಿ ನಿಂತಿರುತ್ತದೆ. ನಾಗನಿಗೂ ದೇವಿಗೂ ಏರಿಸುವ ಹೂವು ಬರುವುದು ಆ ಅಂಚಿನಿಂದ. ಬನವನ್ನು ಕಡಿಯಬೇಕೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಅದರ ಸಸ್ಯಗಳುಂಟು, ಅವು ಬೇರೆ. ಹಾಡಿಯನ್ನೂ ಬನವನ್ನೂ ಒಂದೇ ಎಂದು ಎಣಿಸಬಾರದೆಂಬಷ್ಟೇ ನನ್ನ ಹೇಳಿಕೆ.

ಈಗ ಹಟ್ಟಿಗಳು ಬರಿದಾಗಿವೆ, ರಸಗೊಬ್ಬರದ ಚೀಲ ಮನೆಬಾಗಿಲಿಗೆ ಬರುತ್ತದೆ, ಸೊಪ್ಪು ಹೊರುವ ತಲೆಗಳೂ ಇಲ್ಲ. ಕಡಿಯುವವರಿಲ್ಲದ ಕುಮ್ಕಿಯಲ್ಲಿ ಮರವೆದ್ದು ಕೇಪಳ ಒಳಸೇರುತ್ತಿದೆ. ಮರವೇಳದ ಗುಡ್ಡೆಗಳ ಮೇಲೆ ಗೇರು ಬಂತು. ಗೇರಿನ ಬೆನ್ನಿಗೆ, ಬೋಳುಗುಡ್ಡೆಯನ್ನು ಹಸುರಾಗಿಸುವ ಸದುದ್ದೇಶದಿಂದ, ಆಸ್ಟ್ರೇಲಿಯದ ಅಕೇಶಿಯ ಬಂತು. ಅದರಡಿಯಲ್ಲಿ ಬಿದ್ದ ಎಲೆಯ ದಪ್ಪ ಚಾಪೆಯ ಮೇಲೆ ನಡೆಯುವಾಗ ಕಾಲಿಗೆ ಒಂದು ಕೇಪಳದ ಸಸಿಯೂ ತೊಡರುವುದಿಲ್ಲ. ಉಳಿದ ಕಡೆ ಕಲ್ಲುಕೋರೆಗಳು. ಹೆದ್ದಾರಿಯನ್ನು ಅಗಲಿಸಲು ಒತ್ತಿನೆಣೆಯನ್ನು ಕಡಿದಾಗ ಗುಡ್ಡೆಯ ಒಳಮೈ, ಮೇಲಿನ ಗಟ್ಟಿ ಕಲ್ಲಿನ ಹೆಂಚೂ ಕೆಳಗಿನ ಮೆದು ಜೇಡಿಯೂ, ಎಲ್ಲರ ಕಣ್ಣಿಗೂ ಬಿತ್ತು. ಮಳೆಗಾಲದಲ್ಲಿ ಆ ಜೇಡಿ ಜಾರಿ ರಸ್ತೆಗಿಳಿದಾಗ ಪತ್ರಿಕೆಗಳಲ್ಲಿ ಚಿತ್ರಗಳೂ ಬಂದವು. ಮೇಲಿನ ಆ ಕಲ್ಲಿನ ಹೆಂಚೇ ಕೇಪಳದ ಪ್ರಪಂಚ.

ನಮ್ಮ ಮನೆಯ ಹಿಂದಣ ಹಕ್ಕಲಿನಲ್ಲಿ ಉಳಿದಿರುವ ಹಾಡಿಯ ತುಣುಕೊಂದನ್ನು ನಾವು ಇನ್ನೂ ಕಡಿಯುತ್ತೇವೆ. ಬೇಸಿಗೆಯ ಹೂವೆಲ್ಲ ತೀರಿ, ತುಪ್ಪದಲ್ಲಿ ಹೂವನ್ನು ಬಾಡಿಸಿ ಜೀರಿಗೆ, ಕಾಳುಮೆಣಸು, ಕಾಯಿತುರಿಯೊಂದಿಗೆ ಅರೆದು ಮಜ್ಜಿಗೆ ಬೆರೆಸಿದ ಕೇಪಳದ ತಂಬುಳಿಯನ್ನು ಊಟದ ಮೊದಲನೆಯ ತುತ್ತಿಗೆ ಸಾಕುಸಾಕೆನಿಸುವಷ್ಟು ಉಂಡಾದ ಮೇಲೆ, ಮೊದಲ ಮಳೆಗೆ ಮುಂಚಿತವಾಗಿ ಪೊದೆಗಳನ್ನು ಮೊಣಕಾಲೆತ್ತರಕ್ಕೆ ಸವರುವುದು. ಬಲಿತ ಕಟ್ಟಿಗೆ ಬಚ್ಚಲೊಲೆಗೆ, ಸೊಪ್ಪು ತೆಂಗಿನ ಬುಡಕ್ಕೆ. ನೆಡುವುದಕ್ಕೆ ಗೆಲ್ಲು ಬೇಕೆಂದು ಮೊದಲೇ ಹೇಳಿಟ್ಟವರ ಪಾಲಿಗೆ ಕೆಲವು ಪೊದೆಗಳನ್ನು ಆರ್ದ್ರಾ ಮಳೆಯವರೆಗೂ ಕಡಿಯದೆ ಬಿಡುತ್ತೇವೆ. ಅತ್ತೆಯೂ ಅವರಲ್ಲೊಬ್ಬಳಾಗಿ ಬಂದು ಒಯ್ದು, ಈ ಸಲ ಹಿತ್ತಿಲಿನ ಹಳೆಯ ಕಲ್ಲುಕಟ್ಟೆಯ ಮೇಲೆ ನೆಟ್ಟಿದ್ದಾಳೆ. ಗೋಡೆಯ ಹತ್ತಿರ ಬೇಡ, ಬೂದಿ ಬೇಡ ಎಂದು ಒಬ್ಬೊಬ್ಬರಿಗೂ ಹೇಳಿ ಕಳಿಸುವುದು ನನ್ನ ಪಾಲಿನ ಕೆಲಸ. ಹೂ ಯಾವಾಗ ಬಿಟ್ಟೀತೆಂದು ತಪ್ಪದೆ ಕೇಳುವುದು ಅವರ ಪಾಲಿನದು. ಗೆಲ್ಲಿನಿಂದಾದದ್ದು ಎರಡನೆಯ ವರ್ಷಕ್ಕೆ ಬಿಟ್ಟೀತು ಎನ್ನುತ್ತೇನೆ. ಬೀಜದಿಂದಾದದ್ದರ ಲೆಕ್ಕವನ್ನು ಪಿಕಳಾರವನ್ನೇ ಕೇಳಬೇಕು; ನಮ್ಮ ಬೇಲಿಯುದ್ದಕ್ಕೂ ಬಿತ್ತಿದವರು ಅವರೇ.